ಕಪ್ಪು ಎಣ್ಣೆಯ ಗುರುತು ಹಿಡಿದ ಇತಿಹಾಸ

ಎರಿ ಭೂಮಿಯ ನಮ್ಮ ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಎಣ್ಣೆ ಎಂದರೆ ಹೊಲದಲ್ಲಿ ಬೆಳೆದದ್ದು. ಕುಸುಬಿ, ಶೇಂಗಾ, ಔಡಲ, ಅಗಸಿ ಇವುಗಳನ್ನು ಗಾಣಕ್ಕೆ ಹಾಕಿದರೆ ಎಣ್ಣೆ. ನೆಲದಾಳದ ಎಣ್ಣೆ ನಮ್ಮ ಕಡೆ ಇಲ್ಲ. ಕರ್ನಾಟಕದಲ್ಲಿ ಎಲ್ಲಿಯೂ ಕಚ್ಚಾ ತೈಲ ತೆಗೆಯುವ ಬಾವಿಗಳಿಲ್ಲ. ಆದರೂ ಆ ಎಣ್ಣೆ ಇಲ್ಲದೆ ನಮ್ಮ ಒಂದು ದಿನವೂ ಸಾಗದು. ಅಜ್ಜ-ಅಜ್ಜಿಯರ ಕಾಲಕ್ಕೆ ಅದು ಬರ್ಮಾ ಶೆಲ್ ಕಂಪನಿಯ ಡಬ್ಬಿಯಲ್ಲಿ ಚಿಮಣಿ ಎಣ್ಣೆಯಾಗಿ ಊರಿಗೆ ಬಂತು. ಎಣ್ಣೆ ತೀರಿದ ಮೇಲೆ ಆ ಡಬ್ಬಿ ನೀರು ಹೊರಲು, ಕಾಳು ತುಂಬಿಡಲು ಆಯಿತು. ಆಮೇಲೆ ಟ್ರ್ಯಾಕ್ಟರಿನ ಡೀಸೆಲ್ ಬಂತು, ಅಡುಗೆ ಅನಿಲ ಬಂತು, ನಮ್ಮ ಶಾಲೆಗೆ ಬರುವ ದಾರಿಗೆ ಡಾಂಬರ ಬಂತು. ಇವೆಲ್ಲವುಗಳ ತಾಯಿಬೇರು ಒಂದೇ: ಕಚ್ಚಾ ತೈಲ.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಊರಿನ ಇತಿಹಾಸ, ಶಾಲೆಯ ಇತಿಹಾಸ ಬರೆಯಲು ನನಗಿಂತ ಬಲ್ಲವರು ಇದ್ದಾರೆ. ನಾನು ಇದೇ ಶಾಲೆಯಲ್ಲಿ ಓದಿ, ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಆದ್ದರಿಂದ ನನಗೆ ಗೊತ್ತಿರುವ ಒಂದು ವಸ್ತುವಿನ ಇತಿಹಾಸ ಬರೆಯುತ್ತೇನೆ. ಭೂಮಿಯಿಂದ ಬರುವ ಕಪ್ಪಾದ, ದಪ್ಪಾದ ಎಣ್ಣೆಗಳೆಲ್ಲ ನೋಡಲು ಒಂದೇ ತರಹ ಕಾಣುತ್ತವೆ. ಅವುಗಳನ್ನು ಒಂದರಿಂದ ಒಂದು ಬೇರೆ ಎಂದು ಮನುಷ್ಯ ಹೇಗೆ ಗುರುತಿಸಿದ? ಆ ಗುರುತಿಲ್ಲದಿದ್ದರೆ ಏನು ಕೆಡುತ್ತದೆ? ಇಷ್ಟೇ ಈ ಲೇಖನದ ವಿಷಯ.

ಔಡಲ ಎಣ್ಣೆ, ಕೊಬ್ಬರಿ ಎಣ್ಣೆ

ಮೊದಲು ಮನೆಯಲ್ಲಿಯ ಎರಡು ಎಣ್ಣೆಗಳನ್ನು ನೋಡೋಣ. ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬೋರಲು ಹಾಕಿದರೂ ಒಂದು ಹನಿ ಬೀಳುವುದಿಲ್ಲ. ಸ್ವಲ್ಪ ಬಿಸಿಲಿಗೆ ಇಟ್ಟರೆ ನೀರಿನಂತೆ ತಿಳಿಯಾಗುತ್ತದೆ. ಔಡಲ ಎಣ್ಣೆ ಹಾಗಲ್ಲ. ಅದು ಚಳಿಗಾಲದಲ್ಲೂ ಕಲ್ಲಾಗುವುದಿಲ್ಲ, ಬೇಸಗೆಯಲ್ಲೂ ನೀರಾಗುವುದಿಲ್ಲ. ವರ್ಷವಿಡೀ ಎಳೆ ಎಳೆಯಾಗಿ, ನಿಧಾನವಾಗಿ ಇಳಿಯುತ್ತದೆ.

ಚಳಿಯ ದಿನ ಎರಡೂ ‘ದಪ್ಪ ಎಣ್ಣೆ’ಗಳೇ. ಆದರೆ ದಪ್ಪವಾಗಲು ಕಾರಣ ಬೇರೆ ಬೇರೆ. ಕೊಬ್ಬರಿ ಎಣ್ಣೆಯ ಕಣಗಳು ನೇರವಾದ ಕಡ್ಡಿಗಳಂತಿದ್ದು ತಂಪಾದೊಡನೆ ಸಾಲಾಗಿ ಜೋಡಿಸಿಕೊಂಡು ಹರಳಾಗುತ್ತವೆ. ಔಡಲ ಎಣ್ಣೆಯ ಕಣಗಳಲ್ಲಿ ಆಮ್ಲಜನಕ ಮತ್ತು ಜಲಜನಕ ಸೇರಿದ ಒಂದು ಹೆಚ್ಚಿನ ಕೊಕ್ಕೆ ಇದೆ; ಆ ಕೊಕ್ಕೆಯಿಂದ ಒಂದು ಕಣ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಎತ್ತಿನ ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಗೆ ಹಿರಿಯರು ಔಡಲ ಎಣ್ಣೆಯನ್ನು ಆರಿಸಿಕೊಂಡರು, ಕೊಬ್ಬರಿ ಎಣ್ಣೆಯನ್ನಲ್ಲ. ರಸಾಯನಶಾಸ್ತ್ರ ಓದದಿದ್ದರೂ ಯಾವ ದಪ್ಪ ಯಾವ ಕೆಲಸಕ್ಕೆ ಎಂಬುದು ಅವರಿಗೆ ಗೊತ್ತಿತ್ತು.

ಈ ಎರಡು ಎಣ್ಣೆಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಹೇಳುವ ಕಥೆಯೆಲ್ಲ ಇದರ ವಿಸ್ತಾರವೇ.

ಹೆಸರು ಒಂದು, ವಸ್ತು ಎರಡು

ಭಾರದ ಎಣ್ಣೆಯೊಂದಿಗೆ ಮನುಷ್ಯನ ಸಂಬಂಧ ಬಹಳ ಹಳೆಯದು. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳದ ಬಗ್ಗೆ ನಮ್ಮ ಶಾಲೆಯ ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ನೀರು ಸೋರಬಾರದೆಂದು ಅದರ ಇಟ್ಟಿಗೆ ಗೋಡೆಯ ಹಿಂದೆ ಸುಮಾರು ಒಂದು ಅಂಗುಲ ದಪ್ಪ ನೈಸರ್ಗಿಕ ಡಾಂಬರದ ಪದರ ಬಳಿದಿದ್ದರು. ಕಚ್ಚಾ ತೈಲ ನೆಲದ ಮೇಲೆ ಜಿನುಗಿ, ಅದರಲ್ಲಿಯ ಹಗುರ ಭಾಗ ಆರಿಹೋಗಿ, ಉಳಿದ ಗಟ್ಟಿ ಭಾಗವೇ ಈ ನೈಸರ್ಗಿಕ ಡಾಂಬರ. ಇರಾಕ್ ದೇಶದ ಹಿಟ್ ಎಂಬ ಊರು ಇಂಥ ಒರತೆಗಳಿಗೆ ಸಾವಿರಾರು ವರ್ಷಗಳಿಂದ ಪ್ರಸಿದ್ಧ.

ಆದರೆ ‘ಡಾಂಬರ’ ಎಂಬ ನಮ್ಮ ಮಾತಿನಲ್ಲಿ ಒಂದು ಗೊಂದಲವಿದೆ. ಕಲ್ಲಿದ್ದಲನ್ನು ಗಾಳಿಯಿಲ್ಲದೆ ಸುಟ್ಟಾಗ ಬರುವ ಕಪ್ಪು ದ್ರವಕ್ಕೂ ಡಾಂಬರ ಎನ್ನುತ್ತೇವೆ. ಕಚ್ಚಾ ತೈಲವನ್ನು ಶುದ್ಧೀಕರಿಸಿದಾಗ ತಳದಲ್ಲಿ ಉಳಿಯುವ ಬಿಟುಮೆನ್‌ಗೂ ಡಾಂಬರ ಎನ್ನುತ್ತೇವೆ. ಎರಡೂ ಕಪ್ಪು, ಎರಡೂ ಅಂಟು. ಆದರೆ ಕಲ್ಲಿದ್ದಲಿನ ಡಾಂಬರದಲ್ಲಿ ಉಂಗುರ ಉಂಗುರ ಸೇರಿದ ಸುಗಂಧಿ ಸಂಯುಕ್ತಗಳು ತುಂಬಿವೆ. ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ಕಾರಣವಾಗುತ್ತವೆ. (ಹೆಸರು ಸುಗಂಧಿ ಎಂದಿದ್ದರೂ ವಾಸನೆ ಅಷ್ಟೇನೂ ಒಳ್ಳೆಯದಲ್ಲ.) ಬಿಟುಮೆನ್‌ನಲ್ಲಿ ಅಂಥವು ಬಹಳ ಕಡಿಮೆ. ಇಂದು ನಮ್ಮ ರಸ್ತೆಗಳಿಗೆ ಹಾಕುವುದು ಬಿಟುಮೆನ್. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಆಗುವುದಿಲ್ಲ, ಮತ್ತು ಆ ವ್ಯತ್ಯಾಸ ಕೆಲವೊಮ್ಮೆ ಕೆಲಸ ಮಾಡುವ ಕೂಲಿಕಾರನ ಆರೋಗ್ಯದ ಪ್ರಶ್ನೆಯೂ ಆಗುತ್ತದೆ.

ಹಲ್ಲಿನಿಂದ ಸೂಜಿಗೆ, ಸೂಜಿಯಿಂದ ತೂಕಕ್ಕೆ

ಜೋಳದ ಕಾಳು ಒಣಗಿದೆಯೋ ಇಲ್ಲವೋ ನೋಡಲು ನಮ್ಮ ರೈತರು ಅದನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ರಸ್ತೆ ಕೆಲಸಗಾರರು ಡಾಂಬರವನ್ನೂ ಹಾಗೆಯೇ ಬಾಯಿಗೆ ಹಾಕಿ ಅಗಿದು ಅದರ ಗಟ್ಟಿತನ ನಿರ್ಧರಿಸುತ್ತಿದ್ದರು. 1888ರಲ್ಲಿ ಬೋವೆನ್ ಎಂಬವರು ಒಂದು ಯಂತ್ರ ಮಾಡಿದರು. ಡಾಂಬರದೊಳಗೆ ಸೂಜಿ ಎಷ್ಟು ಇಳಿಯುತ್ತದೆ ಎಂದು ಅದು ಅಳೆಯುತ್ತಿತ್ತು. ಆ ಪರೀಕ್ಷೆಯೇ ಸುಧಾರಣೆಗೊಂಡು ನಮ್ಮ ದೇಶದ ರಸ್ತೆ ಇಲಾಖೆಗಳಲ್ಲಿ ಬಹಳ ವರ್ಷ ನಡೆಯಿತು. 25 ಡಿಗ್ರಿ ಶಾಖದಲ್ಲಿ 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ 8ರಿಂದ 10 ಮಿಲಿಮೀಟರ್ ಇಳಿದರೆ ಅದು 80/100 ದರ್ಜೆಯ ಡಾಂಬರ. ಹಳೆಯ ಗುತ್ತಿಗೆದಾರರಿಗೆ ಈ ಸಂಖ್ಯೆ ಬಾಯಿಪಾಠ.

ಹರಿಯುವ ಕಚ್ಚಾ ತೈಲಕ್ಕೆ ಸೂಜಿ ನಡೆಯದು. ಅದಕ್ಕೆ ತೂಕವೇ ಅಳತೆ. ಫ್ರಾನ್ಸಿನ ಔಷಧ ತಯಾರಕ ಆಂತ್ವಾನ್ ಬೋಮೆ 1768ರಲ್ಲಿ ದ್ರವದಲ್ಲಿ ತೇಲಿಸಿ ಸಾಂದ್ರತೆ ನೋಡುವ ಗಾಜಿನ ಕೊಳವೆಗೆ ಒಂದು ಅಳತೆಗೋಲು ಕೊಟ್ಟರು. ಅಮೆರಿಕದ ತೈಲ ವ್ಯಾಪಾರಿಗಳು ಅದನ್ನೇ ಬಳಸಿದರು. ಆದರೆ ಅವರ ಕೊಳವೆಗಳಲ್ಲಿ ಗೆರೆ ಹಾಕುವಾಗಲೇ ಸಣ್ಣ ತಪ್ಪು ಸೇರಿಕೊಂಡಿತ್ತು. ಸೂತ್ರದಲ್ಲಿ 140 ಇರಬೇಕಾದಲ್ಲಿ ಬಳಕೆಯಲ್ಲಿದ್ದ ಕೊಳವೆಗಳು 141.5ಕ್ಕೆ ಹೊಂದುತ್ತಿದ್ದವು. ಇಡೀ ಉದ್ಯಮ ಅವೇ ಕೊಳವೆಗಳನ್ನು ಬಳಸುತ್ತಿದ್ದುದರಿಂದ, 1921ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯವರು ಆ 141.5 ಅನ್ನೇ ಒಪ್ಪಿಕೊಂಡು ಹೊಸ ಅಳತೆ ಮಾಡಿಬಿಟ್ಟರು. ಅದೇ ಇಂದಿಗೂ ಜಗತ್ತಿನ ತೈಲದ ಬೆಲೆ ನಿರ್ಧರಿಸುವ ಎ.ಪಿ.ಐ. ಅಳತೆ.

ಈ ಅಳತೆ ತಿರುಗುಮುರುಗು. ನೀರಿಗೆ 10. ಸಂಖ್ಯೆ ಹೆಚ್ಚಾದಷ್ಟೂ ತೈಲ ಹಗುರ, ಕಡಿಮೆಯಾದಷ್ಟೂ ಭಾರ. ಸಾಮಾನ್ಯವಾಗಿ 22ಕ್ಕಿಂತ ಕಡಿಮೆ ಇದ್ದರೆ ಭಾರದ ಕಚ್ಚಾ ತೈಲ. 10ಕ್ಕಿಂತಲೂ ಕಡಿಮೆ ಇದ್ದರೆ ಅದು ನೀರಿನಲ್ಲಿ ಮುಳುಗುವ ಅತಿಭಾರದ ತೈಲ. ಭಾರದ ತೈಲ ಜಗತ್ತಿನಲ್ಲಿ ಕಡಿಮೆಯೇನೂ ಇಲ್ಲ. ವೆನೆಜುವೆಲಾ ದೇಶದ ಓರಿನೋಕೊ ಪ್ರದೇಶ ಒಂದರಲ್ಲಿಯೇ ತೆಗೆಯಬಹುದಾದ ಭಾರದ ತೈಲ 51,300 ಕೋಟಿ ಬ್ಯಾರೆಲ್ ಎಂದು ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಇಲಾಖೆ 2009ರಲ್ಲಿ ಅಂದಾಜು ಮಾಡಿತು. ಹಗುರ ತೈಲದಲ್ಲಿ ಪೆಟ್ರೋಲು, ಡೀಸೆಲು ಸುಲಭವಾಗಿ ಹೆಚ್ಚು ಸಿಗುತ್ತವೆ, ಆದ್ದರಿಂದ ತುಟ್ಟಿ. ಭಾರದ ತೈಲ ಅಗ್ಗ. ನಮ್ಮಂಥ ಕೊಳ್ಳುವ ದೇಶಕ್ಕೆ ಈ ಅಗ್ಗದ ತೈಲ ದೊಡ್ಡ ಆಸೆ. ಆದರೆ ಅಗ್ಗದ ಎತ್ತು ಕೊಳ್ಳುವವನು ಅದರ ಹಲ್ಲು, ಗೊರಸು, ಸುಳಿ ಎಲ್ಲ ನೋಡಿಯೇ ಕೊಳ್ಳಬೇಕಲ್ಲವೇ? ಬರೀ ತೂಕ ನೋಡಿದರೆ ಸಾಲದು.

ಒಳಗೇನಿದೆ ಎಂದು ನೋಡಿದವರು

ತೈಲದ ಒಳಗನ್ನು ಬೇರ್ಪಡಿಸಿ ನೋಡಿದ ಮೊದಲಿಗರಲ್ಲಿ ಫ್ರಾನ್ಸಿನ ಬೂಸಂಗೋ ಒಬ್ಬರು. ರೈತರಿಗೆ ಅವರ ಹೆಸರು ಬೇರೆ ಕಾರಣಕ್ಕೂ ಮುಖ್ಯ. ಬೆಳೆಗೆ ಸಾರಜನಕ ಎಲ್ಲಿಂದ ಬರುತ್ತದೆ ಎಂದು ಹೊಲದಲ್ಲಿಯೇ ಪ್ರಯೋಗ ಮಾಡಿದವರು ಅವರು. 1837ರಲ್ಲಿ ಅವರು ಆಲ್ಸೇಸ್ ಪ್ರಾಂತದ ಡಾಂಬರವನ್ನು ಕಾಯಿಸಿ ಎರಡು ಭಾಗ ಮಾಡಿದರು. ಆವಿಯಾಗಿ ಹೋದದ್ದು ಒಂದು. ತಳದಲ್ಲಿ ಉಳಿದ ಕಪ್ಪು ಗಟ್ಟಿ ಇನ್ನೊಂದು; ಅದಕ್ಕೆ ಆಸ್ಫಾಲ್ಟೀನ್ ಎಂದು ಹೆಸರಿಟ್ಟರು. ಆ ಹೆಸರು ಇಂದಿಗೂ ಉಳಿದಿದೆ. 1855ರಲ್ಲಿ ಅಮೆರಿಕದ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ ಪೆನ್ಸಿಲ್ವೇನಿಯಾದ ಕಲ್ಲೆಣ್ಣೆಯನ್ನು ಹಂತ ಹಂತವಾಗಿ ಬಟ್ಟಿಯಿಳಿಸಿ, ಒಂದೊಂದು ಶಾಖಕ್ಕೆ ಒಂದೊಂದು ಎಣ್ಣೆ ಬರುತ್ತದೆ, ಅದರಲ್ಲಿ ಒಳ್ಳೆಯ ದೀಪದ ಎಣ್ಣೆ ಇದೆ ಎಂದು ವರದಿ ಕೊಟ್ಟರು. ಆ ವರದಿಯ ಬಲದ ಮೇಲೆ 1859ರಲ್ಲಿ ಟೈಟಸ್‌ವಿಲ್‌ನಲ್ಲಿ ಡ್ರೇಕ್ ಬಾವಿ ಕೊರೆದರು. ನಮ್ಮ ಅಜ್ಜಿಯರ ಚಿಮಣಿ ದೀಪದ ಕಥೆ ಶುರುವಾದದ್ದು ಹಾಗೆ.

ಬಟ್ಟಿಯಿಳಿಸುವುದು ಹಗುರ ತೈಲಕ್ಕೆ ಸಾಕು. ಭಾರದ ತೈಲದಲ್ಲಿ ಅರ್ಧಕ್ಕರ್ಧ ಆವಿಯಾಗುವುದೇ ಇಲ್ಲ. ಹೆಚ್ಚು ಕಾಯಿಸಿದರೆ ಒಡೆದುಹೋಗುತ್ತದೆ. ಆದ್ದರಿಂದ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಕಾಯಿಸುವ ಬದಲು ಕರಗಿಸುವುದು. ತೈಲಕ್ಕೆ ಹೆಪ್ಟೇನ್ ಎಂಬ ತೆಳು ದ್ರವ ಬೆರೆಸಿದರೆ ಆಸ್ಫಾಲ್ಟೀನ್ ಕಪ್ಪು ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಉಳಿದದ್ದನ್ನು ಜೇಡಿಯಂಥ ಪುಡಿ ತುಂಬಿದ ಕೊಳವೆಯಲ್ಲಿ ಇಳಿಬಿಟ್ಟರೆ ಇನ್ನೂ ಮೂರು ಭಾಗ ಬೇರೆಯಾಗುತ್ತವೆ. ಹೀಗೆ ಒಟ್ಟು ನಾಲ್ಕು: ನೇರ ಮತ್ತು ಸಾದಾ ಸರಪಳಿಯ ಮೇಣದ ಜಾತಿಯವು, ಉಂಗುರದ ಸುಗಂಧಿ ಜಾತಿಯವು, ಅಂಟಿನಂಥ ರಾಳ, ಮತ್ತು ಆಸ್ಫಾಲ್ಟೀನ್. ಈ ನಾಲ್ಕರ ಪ್ರಮಾಣವೇ ಭಾರದ ತೈಲದ ಜಾತಕ. ಹೈಸ್ಕೂಲಿನಲ್ಲಿ ಸೀಮೆಸುಣ್ಣದ ತುಂಡಿನ ಮೇಲೆ ಮಸಿಯ ಹನಿ ಹಾಕಿ, ನೀರಿನಲ್ಲಿ ನಿಲ್ಲಿಸಿ, ಬಣ್ಣಗಳು ಬೇರೆ ಬೇರೆಯಾಗಿ ಏರುವುದನ್ನು ನೋಡಿದವರಿಗೆ ಈ ಪ್ರಯೋಗ ಹೊಸದಲ್ಲ.

ಮೆಹಸಾಣಾ ಮತ್ತು ಬಾರ್ಮೇರ್

ಈಗ ನಮ್ಮ ದೇಶದ ಎರಡು ತೈಲಗಳನ್ನು ಜೋಡಿಸಿ ನೋಡೋಣ. ಗುಜರಾತಿನ ಮೆಹಸಾಣಾ ಕಡೆಯ ಬಲೋಲ್, ಸಂಥಾಲ್ ಕ್ಷೇತ್ರಗಳ ತೈಲದ ಎ.ಪಿ.ಐ. ಸುಮಾರು 15ರಿಂದ 18. ನಿಜವಾದ ಭಾರದ ತೈಲ. ರಾಜಸ್ಥಾನದ ಬಾರ್ಮೇರ್ ಬಳಿಯ ಮಂಗಲಾ ಕ್ಷೇತ್ರ 2004ರಲ್ಲಿ ಪತ್ತೆಯಾಗಿ 2009ರ ಆಗಸ್ಟಿನಲ್ಲಿ ಉತ್ಪಾದನೆ ಆರಂಭಿಸಿತು. ಅದರ ತೈಲ ಬಲೋಲ್‌ಗಿಂತ ಸಾಕಷ್ಟು ಹಗುರ. ಹಾಗಾದರೆ ಸಾಗಿಸಲು ಬಾರ್ಮೇರ್‌ನದೇ ಸುಲಭ ಇರಬೇಕು ಎಂದು ತೂಕದ ಲೆಕ್ಕ ಹೇಳುತ್ತದೆ.

ಆದದ್ದು ಬೇರೆ. ಬಾರ್ಮೇರ್ ತೈಲದಲ್ಲಿ ಮೇಣ ತುಂಬಾ ಇದೆ. ಸಾಮಾನ್ಯ ಹವೆಯಲ್ಲಿ ಅದು ಹೆಪ್ಪುಗಟ್ಟಿ ನಿಲ್ಲುತ್ತದೆ, ನಮ್ಮ ಕೊಬ್ಬರಿ ಎಣ್ಣೆಯ ಹಾಗೆ. ಅದಕ್ಕೆಂದೇ ಗುಜರಾತಿನ ಕರಾವಳಿಯವರೆಗೆ 600 ಕಿಲೋಮೀಟರಿಗಿಂತ ಉದ್ದದ ಕೊಳವೆಯನ್ನು ವಿದ್ಯುತ್ತಿನಿಂದ ಬಿಸಿಯಾಗಿಡುವ ವ್ಯವಸ್ಥೆ ಮಾಡಬೇಕಾಯಿತು. ಕೊಳವೆ ತಣ್ಣಗಾದರೆ ಒಳಗಿನ ಎಣ್ಣೆ ಮೇಣದಬತ್ತಿಯಂತೆ ಗಟ್ಟಿ.

ಬಲೋಲ್ ತೈಲ ಔಡಲ ಎಣ್ಣೆಯ ಜಾತಿ. ಅದರಲ್ಲಿ ಮೇಣದ ಕಾಟಕ್ಕಿಂತ ರಾಳ ಮತ್ತು ಆಸ್ಫಾಲ್ಟೀನ್‌ಗಳ ಹಿಡಿತ ಹೆಚ್ಚು. ಅದು ಹೆಪ್ಪುಗಟ್ಟುವುದಿಲ್ಲ, ಆದರೆ ನೆಲದಡಿಯ ಮರಳುಗಲ್ಲಿನಿಂದ ಬಾವಿಗೆ ಹರಿದು ಬರಲು ಒಲ್ಲೆ ಎನ್ನುತ್ತದೆ. ಅಲ್ಲಿ ಮಾಡಿದ ಉಪಾಯವೇ ಬೇರೆ. ಬಾವಿಯ ಮೂಲಕ ಗಾಳಿ ಒತ್ತಿ, ನೆಲದಡಿಯಲ್ಲಿಯೇ ತೈಲದ ಒಂದು ಭಾಗವನ್ನು ಹೊತ್ತಿಸಿ, ಆ ಬೆಂಕಿಯ ಶಾಖಕ್ಕೆ ಉಳಿದ ತೈಲ ತೆಳುವಾಗಿ ಮುಂದೆ ಹರಿಯುವಂತೆ ಮಾಡಿದರು. 1990ರಲ್ಲಿ ಪ್ರಯೋಗವಾಗಿ ಆರಂಭಿಸಿ 1997ರಿಂದ ದೊಡ್ಡ ಪ್ರಮಾಣದಲ್ಲಿ ನಡೆಸಿದರು.

ಎರಡೂ ‘ಹರಿಯದ ಎಣ್ಣೆ’. ಒಂದಕ್ಕೆ ಕೊಳವೆ ಬಿಸಿ ಮಾಡುವ ಮದ್ದು, ಇನ್ನೊಂದಕ್ಕೆ ನೆಲದಡಿ ಬೆಂಕಿ ಇಡುವ ಮದ್ದು. ರೋಗದ ಕಾರಣ ತಿಳಿಯದೆ ಮದ್ದು ಕೊಟ್ಟಿದ್ದರೆ ಕೋಟಿಗಟ್ಟಲೆ ಹಣ ನೆಲಕ್ಕೆ ಸುರಿದಂತಾಗುತ್ತಿತ್ತು.

ನಮ್ಮ ರಸ್ತೆಯಲ್ಲಿಯೂ ಇದೇ ಮಾತು

ಮೇಣದ ತೈಲ, ಆಸ್ಫಾಲ್ಟೀನ್ ತೈಲ ಎಂಬ ಈ ಭೇದ ಊರ ರಸ್ತೆಯವರೆಗೂ ಬರುತ್ತದೆ. ಭಾರತದಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಮೊದಲು ತೈಲ ಸಿಕ್ಕಿದ್ದು ಅಸ್ಸಾಮಿನ ದಿಗ್ಬೋಯಿಯಲ್ಲಿ, 1889ರಲ್ಲಿ. ಅಲ್ಲಿ 1901ರಲ್ಲಿ ಶುದ್ಧೀಕರಣಾಗಾರ ಆಯಿತು. ಅಸ್ಸಾಮಿನ ತೈಲದಲ್ಲಿ ಮೇಣ ಹೆಚ್ಚು. ಮೇಣ ಸೇರಿದ ಡಾಂಬರ ಏಪ್ರಿಲ್-ಮೇ ಬಿಸಿಲಿಗೆ ಬೇಗ ಮೆತ್ತಗಾಗುತ್ತದೆ, ಚಳಿಗೆ ಬಿರುಕು ಬಿಡುತ್ತದೆ, ಜಲ್ಲಿಕಲ್ಲನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ಆದ್ದರಿಂದ ನಮ್ಮ ದೇಶದ ಡಾಂಬರದ ಹಳೆಯ ಮಾನಕದಲ್ಲಿ ಒಂದು ವಿಶೇಷವಿತ್ತು. ಸೂಜಿ ಅಷ್ಟೇ ಇಳಿದರೂ ಅಸ್ಸಾಂ ತೈಲದಿಂದ ಬಂದ ಡಾಂಬರಕ್ಕೆ ಎ-90 ಎಂದೂ, ಬೇರೆ ತೈಲದಿಂದ ಬಂದದ್ದಕ್ಕೆ ಎಸ್-90 ಎಂದೂ ಬೇರೆ ಬೇರೆ ಹೆಸರು. ಎಂಜಿನಿಯರಿಂಗ್ ಓದಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಇದನ್ನು ಖನ್ನಾ ಮತ್ತು ಜಸ್ಟೋ ಅವರ ಹೆದ್ದಾರಿ ಪುಸ್ತಕದಲ್ಲಿ ಓದಿರುತ್ತಾರೆ. ಆ ಇಬ್ಬರಲ್ಲಿ ಜಸ್ಟೋ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಗಟ್ಟಿತನ ಒಂದೇ ಆದರೂ ವಸ್ತು ಒಂದೇ ಅಲ್ಲ ಎಂದು ಮಾನಕವೇ ಒಪ್ಪಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2006ರಲ್ಲಿ ಮಾನಕ ಬದಲಾಯಿತು. ಸೂಜಿಯ ಜಾಗಕ್ಕೆ 60 ಡಿಗ್ರಿ ಶಾಖದಲ್ಲಿ ಡಾಂಬರ ಎಷ್ಟು ನಿಧಾನ ಹರಿಯುತ್ತದೆ ಎಂಬ ಅಳತೆ ಬಂತು, ವಿ.ಜಿ.-30 ಎಂಬಂಥ ಹೆಸರುಗಳು ಬಂದವು. ಬೇಸಗೆಯ ಮಧ್ಯಾಹ್ನ ರಸ್ತೆಯ ಮೈ ಸುಮಾರು ಅಷ್ಟು ಕಾಯುತ್ತದೆ ಎಂಬುದು ಇದರ ಹಿಂದಿನ ವಿಚಾರ. ನಮ್ಮ ಸೀಮೆಯ ರಸ್ತೆ ಹಾಳಾಗಲು ಡಾಂಬರವೊಂದೇ ಕಾರಣವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎರಿ ಮಣ್ಣು ಮಳೆಗೆ ಉಬ್ಬಿ, ಬೇಸಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ರಸ್ತೆಯನ್ನೂ ಜೊತೆಗೆ ಎಳೆಯುತ್ತದೆ. ಅದು ಮಣ್ಣಿನ ಒಳಗಿನ ಜೇಡಿಯ ಗುಣ. ಕಲಘಟಗಿ ಕಡೆಯ ಕೆಂಪು ನೆಲ ಹಾಗೆ ಮಾಡುವುದಿಲ್ಲ. ಮಣ್ಣಾಗಲಿ ಎಣ್ಣೆಯಾಗಲಿ, ಒಳಗಿನ ದ್ರವ್ಯ ನೋಡದೆ ನಂಬಿದರೆ ಕೆಲಸ ಕೆಡುತ್ತದೆ.

ಮಂಗಳೂರಿಗೆ ಬರುವ ತೈಲ

ಕರ್ನಾಟಕದಲ್ಲಿ ತೈಲ ಬಾವಿ ಇಲ್ಲದಿದ್ದರೂ ತೈಲ ಶುದ್ಧೀಕರಣಾಗಾರ ಇದೆ. ಮಂಗಳೂರಿನ ಎಂ.ಆರ್.ಪಿ.ಎಲ್. 1988ರಲ್ಲಿ ಕಂಪನಿಯಾಗಿ ನೋಂದಣಿಗೊಂಡು, 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದಿಂದ ಕೆಲಸ ಆರಂಭಿಸಿತು. 2003ರಲ್ಲಿ ಓ.ಎನ್.ಜಿ.ಸಿ. ಅದನ್ನು ವಹಿಸಿಕೊಂಡಿತು. ಈಗ ಅದರ ಸಾಮರ್ಥ್ಯ 150 ಲಕ್ಷ ಟನ್. ಸಮೀಪದಲ್ಲಿಯೇ ಬಂಡೆಗಲ್ಲು ಕೊರೆದು ಮಾಡಿದ ಗುಹೆಗಳಲ್ಲಿ ದೇಶದ ಆಪತ್ಕಾಲದ ತೈಲ ಸಂಗ್ರಹವಿದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವಷ್ಟು. ನಮ್ಮ ಹಗೇವುಗಳಲ್ಲಿ ಜೋಳ ತುಂಬಿ ಬರಗಾಲಕ್ಕೆ ಇಡುತ್ತಿದ್ದರಲ್ಲ, ಹಾಗೆ.

ಇಂಥ ಕಾರಖಾನೆಗೆ ಹಡಗಿನಲ್ಲಿ ಹತ್ತಾರು ದೇಶಗಳ ತೈಲ ಬರುತ್ತದೆ. ಹೆಸರು ನೋಡಿ ಮೋಸಹೋಗುವಂತಿಲ್ಲ. ‘ಇರಾನ್ ಹೆವಿ’ ಎಂಬ ತೈಲದ ಹೆಸರಿನಲ್ಲೇ ಭಾರ ಇದೆ, ಆದರೆ ಅದರ ಎ.ಪಿ.ಐ. ಸುಮಾರು 30, ಬಲೋಲ್ ತೈಲದ ಮುಂದೆ ಅದು ಹಗುರವೇ. ತೂಕದ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಬೇಕಾಗುತ್ತದೆ.

ಮೊದಲನೆಯದು ಗಂಧಕ. ಭಾರದ ತೈಲಗಳಲ್ಲಿ ಗಂಧಕ ಸಾಮಾನ್ಯವಾಗಿ ಹೆಚ್ಚು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಡೀಸೆಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಹತ್ತೇ ಭಾಗ ಗಂಧಕ ಇರಬಹುದು. ಆದ್ದರಿಂದ ಗಂಧಕದ ತೈಲ ಕೊಂಡರೆ ಅದನ್ನು ತೆಗೆಯುವ ಖರ್ಚೂ ಜೊತೆಗೆ ಬರುತ್ತದೆ.

ಎರಡನೆಯದು ಆಮ್ಲ. ಒಂದು ಗ್ರಾಂ ತೈಲದ ಆಮ್ಲವನ್ನು ತಟಸ್ಥ ಮಾಡಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬುದು ಅಳತೆ. ಆಮ್ಲ-ಪ್ರತ್ಯಾಮ್ಲಗಳ ಪಾಠದಲ್ಲಿ ನಾವು ಕಲಿತ ತಟಸ್ಥೀಕರಣವೇ ಇದು. ಅರ್ಧ ಮಿಲಿಗ್ರಾಂ ದಾಟಿತೆಂದರೆ ಎಂಜಿನಿಯರುಗಳು ಎಚ್ಚರಗೊಳ್ಳುತ್ತಾರೆ. ಏಕೆಂದರೆ ಈ ಆಮ್ಲಗಳು 220 ಡಿಗ್ರಿ ದಾಟಿದ ಶಾಖದಲ್ಲಿ ಉಕ್ಕಿನ ಕೊಳವೆಯನ್ನು ಒಳಗಿನಿಂದ ತಿನ್ನುತ್ತವೆ. ಹೊರಗೆ ಏನೂ ಕಾಣದು. ಒಂದು ದಿನ ಕಾದ ಎಣ್ಣೆ ಹೊರಚಿಮ್ಮಿದರೆ ಅಲ್ಲಿ ನಿಂತವರ ಜೀವಕ್ಕೇ ಅಪಾಯ.

ಮೂರನೆಯದು ಲೋಹ. 1934ರಲ್ಲಿ ಮ್ಯೂನಿಕ್‌ನ ಆಲ್ಫ್ರೆಡ್ ಟ್ರೈಬ್ಸ್ ಒಂದು ಸುಂದರವಾದ ಸಂಗತಿ ಕಂಡುಹಿಡಿದರು. ಎಲೆಯ ಹಸಿರು ಬಣ್ಣದ ಕಣದ ನಡುವೆ ಮೆಗ್ನೀಸಿಯಂ ಇರುತ್ತದೆ. ಅದೇ ಆಕಾರದ ಕಣ, ನಡುವೆ ಮೆಗ್ನೀಸಿಯಂ ಬದಲು ವೆನೇಡಿಯಂ ಕೂತು, ಕಚ್ಚಾ ತೈಲದಲ್ಲಿ ಅವರಿಗೆ ಸಿಕ್ಕಿತು. ಕಪ್ಪು ಎಣ್ಣೆ ಒಂದು ಕಾಲಕ್ಕೆ ಹಸಿರು ಜೀವವಾಗಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ವೆನೇಡಿಯಂ ಮತ್ತು ನಿಕ್ಕಲ್ ಇವುಗಳ ಪ್ರಮಾಣ ತೈಲದಿಂದ ತೈಲಕ್ಕೆ ಬೇರೆ. ಗುರುತಿಗೆ ಒಳ್ಳೆಯದು, ಆದರೆ ಶುದ್ಧೀಕರಣದ ವೇಗವರ್ಧಕಗಳಿಗೆ ಇವು ವಿಷ.

ಇದಲ್ಲದೆ ಎರಡು ತೈಲ ಬೆರೆಸುವಾಗಲೂ ಎಚ್ಚರ ಬೇಕು. ಆಸ್ಫಾಲ್ಟೀನ್ ಇರುವ ತೈಲಕ್ಕೆ ಮೇಣದ ಜಾತಿಯ ತೆಳು ತೈಲ ಸುರಿದರೆ, ಹಾಲಿಗೆ ಲಿಂಬೆಹುಳಿ ಬಿದ್ದಂತೆ ಒಡೆದು, ಕಪ್ಪು ಗಸಿ ಟ್ಯಾಂಕಿನ ತಳ ಸೇರುತ್ತದೆ. ಎರಡೂ ಒಳ್ಳೆಯ ತೈಲಗಳೇ, ಕೂಡಿದಾಗ ಕೆಟ್ಟವು.

ಸಮುದ್ರದ ದಂಡೆಯ ಕರೀ ಉಂಡೆ

ನಮ್ಮ ಜಿಲ್ಲೆಯ ಶಾಲೆಗಳ ಪ್ರವಾಸ ಎಂದರೆ ಗೋಕರ್ಣ, ಕಾರವಾರ, ಗೋವೆ. ಕಾಲೇಜಿನ ಹುಡುಗರನ್ನು ನಾನೂ ಕರೆದುಕೊಂಡು ಹೋಗಿದ್ದೇನೆ. ಮಳೆಗಾಲದ ಮುಂಚೆ-ಹಿಂದೆ ಹೋದರೆ ಮರಳಿನಲ್ಲಿ ಕರೀ ಅಂಟಿನ ಉಂಡೆಗಳು ಕಾಲಿಗೆ ಮೆತ್ತಿಕೊಳ್ಳುತ್ತವೆ. ಸೋಪಿಗೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ತಿಕ್ಕಿದರೆ ಹೋಗುತ್ತದೆ. ಎಣ್ಣೆಗೆ ಎಣ್ಣೆಯೇ ಮದ್ದು ಎಂದು ಹುಡುಗರಿಗೆ ಅಲ್ಲಿಯೇ ಪಾಠ ಮಾಡಿದ್ದುಂಟು.

ಈ ಉಂಡೆ ಸಮುದ್ರದಲ್ಲಿ ಚೆಲ್ಲಿದ ಕಚ್ಚಾ ತೈಲ. ಬಿಸಿಲು, ಗಾಳಿ ಹಗುರ ಭಾಗವನ್ನು ಒಯ್ದಿವೆ. ಸೂಕ್ಷ್ಮಜೀವಿಗಳು ಉಳಿದದ್ದರಲ್ಲಿ ಮೆತ್ತಗಿನದನ್ನು ತಿಂದಿವೆ. ಆಡು ಚಿಗುರು ತಿಂದು ಕಟ್ಟಿಗೆ ಬಿಡುವಂತೆ ಅವು ಮೊದಲು ನೇರ ಸರಪಳಿಯ ಕಣಗಳನ್ನು ತಿಂದು ಜಟಿಲ ಉಂಗುರದವುಗಳನ್ನು ಬಿಡುತ್ತವೆ. ಭೂಮಿಯೊಳಗೆ ಹಗುರ ತೈಲ ಭಾರವಾಗುವುದೂ ಬಹುಪಾಲು ಹೀಗೆಯೇ. ಜಗತ್ತಿನ ದೊಡ್ಡ ಭಾರದ ತೈಲ ನಿಕ್ಷೇಪಗಳು ಸೂಕ್ಷ್ಮಜೀವಿಗಳು ಉಂಡು ಬಿಟ್ಟ ಎಂಜಲು.

ಹಾಗೆ ಉಳಿದ ಕಣಗಳಲ್ಲಿ ಹೋಪೇನ್ ಎಂಬ ಜಾತಿ ಮುಖ್ಯ. ಪುರಾತನ ಬ್ಯಾಕ್ಟೀರಿಯಾಗಳ ಕೋಶಪೊರೆಯಿಂದ ಬಂದ ಇವು ಸುಲಭಕ್ಕೆ ಹಾಳಾಗುವುದಿಲ್ಲ. ಇವುಗಳ ಒಳಜಾತಿಗಳ ಪ್ರಮಾಣ ಒಂದೊಂದು ತೈಲ ಪ್ರದೇಶಕ್ಕೆ ಒಂದೊಂದು ತರಹ. ಅದೇ ತೈಲದ ಬೆರಳಚ್ಚು. ಗೋವೆಯ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 2010ರಲ್ಲಿ ಗೋವೆಯ ದಂಡೆಗಳಿಂದ ಇಂಥ ಉಂಡೆಗಳನ್ನು ಆರಿಸಿ ಪರೀಕ್ಷಿಸಿದರು. ಆ ಬೆರಳಚ್ಚು ಆಗ್ನೇಯ ಏಷ್ಯಾದ ಕಚ್ಚಾ ತೈಲಕ್ಕೆ, ಅದೂ ಹಡಗಿನ ಟ್ಯಾಂಕು ತೊಳೆದು ಚೆಲ್ಲಿದ ತೈಲಕ್ಕೆ ಹೊಂದಿತು. ನಮ್ಮ ಮೀನುಗಾರರ ಬಲೆ ಕೆಡಿಸಿದ್ದು, ದಂಡೆ ಕೆಡಿಸಿದ್ದು ಎಲ್ಲಿಯ ಎಣ್ಣೆ ಎಂದು ಸಾಕ್ಷಿ ಸಮೇತ ಹೇಳಲು ಸಾಧ್ಯವಾಗುವುದು ಈ ರಸಾಯನದಿಂದಲೇ. ಬೆರಳಚ್ಚು ಇಲ್ಲದಿದ್ದರೆ ‘ಸಮುದ್ರ ತಂದದ್ದು’ ಎಂದು ಸುಮ್ಮನಿರಬೇಕಾಗುತ್ತಿತ್ತು.

ಇದೇ ಬೆರಳಚ್ಚು ಇತಿಹಾಸಕಾರರಿಗೂ ನೆರವಾಯಿತು. ಓಮಾನ್ ದೇಶದ ರಾಸ್ ಅಲ್ ಜಿನ್ಜ್ ಎಂಬಲ್ಲಿ ಸುಮಾರು 4,500 ವರ್ಷ ಹಳೆಯ ದೋಣಿಗಳಿಗೆ ಬಳಿದ ಡಾಂಬರದ ತುಂಡುಗಳು ಸಿಕ್ಕವು. ಫ್ರಾನ್ಸಿನ ಜಾಕ್ ಕೊನಾನ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ, ಆ ಡಾಂಬರ ಇಂದಿನ ಇರಾಕ್ ಕಡೆಯದು ಎಂದರು. ಕುವೈತಿನಲ್ಲಿ ಸಿಕ್ಕ ಅದಕ್ಕಿಂತ ಹಳೆಯ ದೋಣಿಯ ಡಾಂಬರ ಅಲ್ಲಿಯದೇ ಬುರ್ಗಾನ್ ಪ್ರದೇಶದ್ದು. ಶಾಸನವಿಲ್ಲ, ಓಲೆಗರಿಯಿಲ್ಲ, ಒಂದು ಕರೀ ತುಂಡು ತಾನು ಹುಟ್ಟಿದ ಊರಿನ ಹೆಸರು ಹೇಳಿತು.

ನಮಗೆ ಇದರಿಂದ ಏನು?

ಊರಿನ ಓದುಗರು ಹೀಗೆ ಕೇಳಿದರೆ ತಪ್ಪಿಲ್ಲ. ಪೆಟ್ರೋಲ್ ಬಂಕಿನಲ್ಲಿ ಗ್ರಾಹಕರು ಸಾಂದ್ರತೆ ತೋರಿಸಿರಿ ಎಂದು ಕೇಳಬಹುದು, ಶೋಧಕ ಕಾಗದದ ಪರೀಕ್ಷೆ ಮಾಡಿಸಬಹುದು. ಅದು ನಮ್ಮ ಹಕ್ಕು. ಅಲ್ಲಿ ತೇಲಿಸುವ ಗಾಜಿನ ಕೊಳವೆ ಬೋಮೆಯವರ ಕೊಳವೆಯ ಮೊಮ್ಮಗ. ಆದರೆ ಕೊಳವೆ ತೂಕವನ್ನಷ್ಟೇ ಹೇಳುತ್ತದೆ ಎಂಬುದು ನೆನಪಿರಲಿ. ಡೀಸೆಲಿಗೆ ಬೆರೆಸಿದರೆ ಗೊತ್ತಾಗಲೆಂದೇ ರೇಷನ್ ಚಿಮಣಿ ಎಣ್ಣೆಗೆ ನೀಲಿ ಬಣ್ಣ ಹಾಕಿದರು. ತೂಕ ಸಾಲದಾದಲ್ಲಿ ಬೇರೆ ಗುರುತು ಬೇಕು ಎಂಬ ಅರಿವೇ ಅದರ ಹಿಂದೆಯೂ ಇದೆ.

ವಿದ್ಯಾರ್ಥಿಗಳಿಗೆ ನನ್ನ ಮಾತು ಇನ್ನೂ ಸರಳ. ಈ ಇತಿಹಾಸದಲ್ಲಿ ಬಂದ ಪ್ರಯೋಗಗಳಲ್ಲಿ ಅರ್ಧದಷ್ಟು ನಮ್ಮ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮಾಡುವಂಥವು: ಸಾಂದ್ರತೆ ಅಳೆಯುವುದು, ಬಟ್ಟಿಯಿಳಿಸುವುದು, ಆಮ್ಲವನ್ನು ತಟಸ್ಥ ಮಾಡುವುದು, ಮಸಿಯ ಬಣ್ಣ ಬೇರ್ಪಡಿಸುವುದು. ಇವುಗಳ ಮೇಲೆಯೇ ದೊಡ್ಡ ಯಂತ್ರಗಳು ನಿಂತಿವೆ. 1960ರಲ್ಲಿ ಸ್ಥಾಪನೆಯಾದ ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಿಂದ ಹಿಡಿದು ಮಂಗಳೂರಿನ ಶುದ್ಧೀಕರಣಾಗಾರದವರೆಗೆ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಎಲ್ಲೋ ಒಂದು ಶಾಲೆಯಲ್ಲಿ ಈ ಪಾಠ ಕಲಿತವರೇ. ನಮ್ಮ ಶಾಲೆಯಿಂದಲೂ ಅಂಥವರು ಬರಲಿ.

ಕಪ್ಪಗಿರುವುದೆಲ್ಲ ಒಂದೇ ಎಂದು ಬಗೆದವರಿಗೆ ಅಗ್ಗದ ತೈಲವೂ ತುಟ್ಟಿಯಾಯಿತು. ಒಳಗೇನಿದೆ ಎಂದು ತಾಳ್ಮೆಯಿಂದ ಕೇಳಿದವರಿಗೆ ಹೆಪ್ಪುಗಟ್ಟಿದ ತೈಲವೂ ಹರಿಯಿತು, ದಂಡೆಯ ಉಂಡೆಯೂ ಸಾಕ್ಷಿ ಹೇಳಿತು. ಈ ಶಾಲೆ ನಮಗೆ ಕಲಿಸಿದ್ದು ಹೀಗೆ ಕೇಳುವುದನ್ನೇ.